‘ಯಾಂತ್ರಿಕ’ ಸೂರ್ಯಗಡಿಯಾರಕ್ಕೆ ತಕ್ಕ ಹೆಸರು ಯಾವುದು?

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಹಿತ್ತಾಳೆಯಿಂದ ಮಾಡುತ್ತಿದ್ದ, ಮಡಚಿ ಜೊತೆಯಲ್ಲಿ ಒಯ್ಯಬಹುದಾದ ಒಂದು ಬಗೆಯ ಸೂರ್ಯಗಡಿಯಾರದಲ್ಲಿ ಹಲ್ಲುಚಕ್ರಗಳೂ ನಿಮಿಷ ತೋರಿಸುವ ಮುಳ್ಳೂ ಇರುತ್ತಿದ್ದವು. ಇದನ್ನು ‘ಯಾಂತ್ರಿಕ ಸೂರ್ಯಗಡಿಯಾರ’ ಎಂದು ಕರೆದರೆ, ಕೀಲಿ ಕೊಟ್ಟರೆ ತಾನೇ ಓಡುವ ಉಪಕರಣವೆಂದು ಓದುಗರು ತಿಳಿಯುವ ಸಾಧ್ಯತೆಯಿದೆ. ಅದರಲ್ಲಿ ಸ್ಪ್ರಿಂಗೂ ಇಲ್ಲ, ಲೋಲಕವೂ ಇಲ್ಲ; ಚಕ್ರವನ್ನು ತಿರುಗಿಸುವುದು ನೋಡುವವರ ಬೆರಳು. ಈ ಉಪಕರಣಕ್ಕೂ ಅದರ ಕೆಲವು ಅಂಗಗಳಿಗೂ ತಕ್ಕ ಪದಗಳನ್ನು ಬಲ್ಲವರು ಸೂಚಿಸಬೇಕೆಂದು ಕೋರುತ್ತೇನೆ. ಪದ ಆರಿಸುವ ಮೊದಲು ಅದು ಕೆಲಸ ಮಾಡುವ ರೀತಿ ಸ್ಪಷ್ಟವಾಗಬೇಕು.

ತಳದ ತಟ್ಟೆಯಲ್ಲಿ ದಿಕ್ಸೂಚಿಯಿರುತ್ತದೆ. ತಟ್ಟೆಯನ್ನು ತಿರುಪುಗಳಿಂದ ಮಟ್ಟಮಾಡಿ, ಉತ್ತರಕ್ಕೆ ಹೊಂದಿಸಿ, ಕೀಲಿನ ಮೇಲೆ ಏಳುವ ಗಂಟೆಗಳ ವಲಯವನ್ನು ಪಕ್ಕದ ಕಮಾನಿನಲ್ಲಿ ಆ ಊರಿನ ಅಕ್ಷಾಂಶಕ್ಕೆ ನಿಲ್ಲಿಸಿದರೆ, ವಲಯವು ವಿಷುವದ್ವೃತ್ತಕ್ಕೆ, ಅಂದರೆ ಭೂಮಧ್ಯರೇಖೆಯ ಸಮತಲಕ್ಕೆ, ಸಮಾಂತರವಾಗುತ್ತದೆ. ಆ ಸಮತಲದಲ್ಲಿ ಅಳೆದಾಗ ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಾನೆ. ಆದ್ದರಿಂದ ಗೋಡೆಯ ಸೂರ್ಯಗಡಿಯಾರದಲ್ಲಿ ಒಂದೆಡೆ ಒತ್ತಾಗಿ ಇನ್ನೊಂದೆಡೆ ವಿರಳವಾಗಿ ಬೀಳುವ ಗಂಟೆಗೆರೆಗಳು ಇಲ್ಲಿ ಸಮಾನ ಅಂತರದಲ್ಲಿರುತ್ತವೆ. ಹಲ್ಲುಚಕ್ರ ಜೋಡಿಸಲು ಸಾಧ್ಯವಾದದ್ದೂ ಇದರಿಂದಲೇ. ವಲಯದ ಕೇಂದ್ರದ ಸುತ್ತ ತಿರುಗುವ ಪಟ್ಟಿಯ ಒಂದು ತುದಿಯಲ್ಲಿ ಸಣ್ಣ ರಂಧ್ರವುಳ್ಳ ತಗಡೂ ಎದುರು ತುದಿಯಲ್ಲಿ ಗೆರೆ ಕೊರೆದ ತಗಡೂ ನಿಂತಿರುತ್ತವೆ. ರಂಧ್ರದಿಂದ ಹಾದುಬಂದ ಬೆಳಕಿನ ಚುಕ್ಕಿ ಆ ಗೆರೆಯ ಮೇಲೆ ಬೀಳುವವರೆಗೆ ಪಟ್ಟಿಯನ್ನು ತಿರುಗಿಸಬೇಕು. ಸೂರ್ಯ ವರ್ಷದಲ್ಲಿ ವಿಷುವದ್ವೃತ್ತದ ಎರಡೂ ಕಡೆಗೆ ಸುಮಾರು 23.5 ಡಿಗ್ರಿಯವರೆಗೆ ಸರಿಯುವುದರಿಂದ ಚುಕ್ಕಿ ಗೆರೆಯುದ್ದಕ್ಕೆ ಮೇಲೆ ಕೆಳಗೆ ಜರುಗುತ್ತದೆಯೇ ಹೊರತು ಗೆರೆಯನ್ನು ಬಿಟ್ಟುಹೋಗುವುದಿಲ್ಲ. ಪಟ್ಟಿ ತಿರುಗಿದಂತೆ ಅದರ ಮೇಲೆ ಕೂರಿಸಿದ ಪುಟ್ಟ ಹಲ್ಲುಚಕ್ರ ವಲಯದ ಅಂಚಿನ ಹಲ್ಲುಗಳಿಗೆ ಕಚ್ಚಿಕೊಂಡು ಉರುಳುತ್ತದೆ. ವಲಯದಲ್ಲಿ 360, ಪುಟ್ಟ ಚಕ್ರದಲ್ಲಿ 15 ಹಲ್ಲುಗಳಿವೆಯೆಂದು ಇಟ್ಟುಕೊಂಡರೆ, ಪಟ್ಟಿ 15 ಡಿಗ್ರಿ ಸರಿಯುವಷ್ಟರಲ್ಲಿ ಪುಟ್ಟ ಚಕ್ರ ಒಂದು ಸುತ್ತು ಮುಗಿಸಿ, ಅದರ ಅಚ್ಚಿಗೆ ಸಿಕ್ಕಿಸಿದ ಮುಳ್ಳು 60 ನಿಮಿಷ ದಾಟಿರುತ್ತದೆ. ಒಂದು ನಿಮಿಷಕ್ಕೆ ವಲಯದ ಮೇಲೆ ದಕ್ಕುವುದು ಕಾಲು ಡಿಗ್ರಿ ಮಾತ್ರ. ಅಷ್ಟು ಸಣ್ಣ ಗೆರೆಗಳನ್ನು ಅಂಗೈಯಗಲದ ಉಪಕರಣದಲ್ಲಿ ಕೊರೆದರೂ ಬರಿಗಣ್ಣಿನಿಂದ ಓದುವುದು ಕಷ್ಟ.

ಈಗ ಪದಗಳ ವಿಚಾರ. ಇಲ್ಲಿ ಹೊತ್ತು ತಿಳಿಸುವುದು ಬೆಳಕಿನ ಚುಕ್ಕಿಯಾದ್ದರಿಂದ ‘ನೆರಳುಗಡಿಯಾರ’ ಹೊಂದುವುದಿಲ್ಲ. ‘ಛಾಯಾಯಂತ್ರ’ಕ್ಕೂ ಅದೇ ಆಕ್ಷೇಪವಿದೆ, ಜೊತೆಗೆ, ಸಂಸ್ಕೃತದ ಜ್ಯೋತಿಷ ಗ್ರಂಥಗಳಲ್ಲಿ ‘ಯಂತ್ರ’ವೆಂದರೆ ಶಂಕುವಿನಂಥ ಅಲುಗಾಡದ ಕೋಲೂ ಸೇರುವ ವೀಕ್ಷಣೆಯ ಉಪಕರಣ, ಇಂದಿನ ಕನ್ನಡದಲ್ಲಿ ಚಲಿಸುವ ಭಾಗಗಳುಳ್ಳದ್ದು. ‘ಯಾಂತ್ರಿಕ ಛಾಯಾಯಂತ್ರ’ ಎಂದು ಬರೆದರೆ ಎರಡು ಅರ್ಥಗಳೂ ಒಂದೇ ಪದಪುಂಜದಲ್ಲಿ ಜಗಳವಾಡುತ್ತವೆ. ಎರಡನೆಯ ಭಾಸ್ಕರಾಚಾರ್ಯನು 1150ರ ‘ಸಿದ್ಧಾಂತ ಶಿರೋಮಣಿ’ಯ ಯಂತ್ರಾಧ್ಯಾಯದಲ್ಲಿ ಹೇಳುವ ‘ನಾಡೀವಲಯ’ವು ವಿಷುವದ್ವೃತ್ತದ ಸಮತಲದಲ್ಲಿ ನಿಲ್ಲಿಸುವ ವಲಯವೇ ಆಗಿದ್ದು, ಜ್ಯಾಮಿತಿಯ ದೃಷ್ಟಿಯಿಂದ ಇದಕ್ಕಿಂತ ಹತ್ತಿರದ ಪದ ಸಿಗಲಾರದು. ಆದರೆ ಅಲ್ಲಿಯ ನಾಡಿ 24 ನಿಮಿಷದ ಗಳಿಗೆ, ಇಲ್ಲಿಯ ವಿಭಾಗ ಗಂಟೆ. ಅದಲ್ಲದೆ ಇಂದಿನ ಓದುಗರಿಗೆ ನಾಡಿಯೆಂದರೆ ವೈದ್ಯರು ಹಿಡಿದು ನೋಡುವುದೇ ಮೊದಲು ನೆನಪಾಗುತ್ತದೆ. ನನ್ನ ಒಲವು ‘ಹಲ್ಲುಚಕ್ರದ ಬಿಸಿಲುಗಡಿಯಾರ’ದ ಕಡೆಗಿದೆ; ‘ಬಿಸಿಲು’ ಎಂದಾಗ ಬೆಳಕಿನ ಚುಕ್ಕಿಯೂ ನೆರಳಿನ ಗೆರೆಯೂ ಅದರೊಳಗೆ ಸೇರುತ್ತವೆ, ‘ಹಲ್ಲುಚಕ್ರ’ ಇರುವುದನ್ನಷ್ಟೇ ಹೇಳುತ್ತದೆ.

ಇನ್ನೊಂದು ಕಗ್ಗಂಟಿದೆ. ಉಪಕರಣ ತೋರಿಸುವುದು ಆಯಾ ಸ್ಥಳದ ಸೌರವೇಳೆ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷದ ವ್ಯತ್ಯಾಸ ಒಂದು ಕಡೆಯಾದರೆ, ಏಕರೂಪವಾಗಿ ಓಡುವ ಗಡಿಯಾರಕ್ಕೆ ಹೋಲಿಸಿದಾಗ ಅದು ನವೆಂಬರ್ ಮೊದಲಲ್ಲಿ ಸುಮಾರು 16 ನಿಮಿಷ ಮುಂದೆಯೂ ಫೆಬ್ರವರಿ ನಡುವಿನಲ್ಲಿ ಸುಮಾರು 14 ನಿಮಿಷ ಹಿಂದೆಯೂ ಇರುವುದು ಇನ್ನೊಂದು ಕಡೆ. ಈ ಎರಡನೆಯದಕ್ಕೆ ‘ಕಾಲಸಮೀಕರಣ’ವೆಂಬ ಪದ ಬಳಕೆಯಲ್ಲಿದ್ದರೂ, ಸಮೀಕರಣವೆಂದೊಡನೆ ಬೀಜಗಣಿತ ನೆನಪಾಗುತ್ತದೆ, ಇದಾದರೋ ಕೂಡಿಸಬೇಕಾದ ಅಥವಾ ಕಳೆಯಬೇಕಾದ ನಿಮಿಷಗಳ ಮೊತ್ತ. ಸಿದ್ಧಾಂತ ಗ್ರಂಥಗಳು ಇದರ ಎರಡು ಘಟಕಗಳನ್ನು ಭುಜಾಂತರ, ಉದಯಾಂತರ ಎಂಬ ಸಂಸ್ಕಾರಗಳಾಗಿ, ಅಂದರೆ ಲೆಕ್ಕದ ತಿದ್ದುಪಡಿಗಳಾಗಿ, ಬೇರ್ಪಡಿಸಿದ್ದವು. ಆ ಜಾಡಿನಲ್ಲಿ ‘ಕಾಲಸಂಸ್ಕಾರ’ ಎನ್ನಬಹುದಾದರೂ ಸಾಮಾನ್ಯ ಓದುಗರ ಮನಸ್ಸು ಬೇರೆ ಸಂಸ್ಕಾರಗಳ ಕಡೆಗೆ ಓಡೀತು. ಸದ್ಯಕ್ಕೆ ‘ವೇಳೆಯ ತಿದ್ದುಪಡಿ’ ಎಂದು ಬರೆದಿದ್ದೇನೆ.

ರಂಧ್ರದ ತಗಡು ಮತ್ತು ಗೆರೆಯ ತಗಡು ಎರಡನ್ನೂ ಹೊತ್ತು ತಿರುಗುವ ಪಟ್ಟಿಗೆ ಮಾತ್ರ ಇನ್ನೂ ಹೆಸರು ಹೊಂದಿಸಲಾಗಿಲ್ಲ. ಭೂಮಾಪನದವರು ಇಂಥದನ್ನು ಅಲಿಡೇಡ್ ಎನ್ನುತ್ತಾರೆ. ಅವರಲ್ಲಿ ಇದಕ್ಕೆ ಕನ್ನಡದ ರೂಢಿಪದವೇನಾದರೂ ಇದ್ದರೆ, ಅದು ಬಳಕೆಯಾದ ವಾಕ್ಯದೊಂದಿಗೆ ತಿಳಿಸಬೇಕೆಂದು ವಿನಂತಿ.