ಲಗೂನ್ ಮರಳಲ್ಲಿ ಸುಣ್ಣದ ಪಾಚಿಯ ಪಾಲು ಅಳೆಯೋದು ಹೇಗೆ?

ಕುಂಸಿಕಲ್ಲು: ಶಿವಮೊಗ್ಗದ ನಮ್ಮ ಕಾಲೇಜು ಲ್ಯಾಬಲ್ಲಿ ಲಕ್ಷದ್ವೀಪದ ಲಗೂನ್ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲು) ಮರಳಿನ ಹಳೇ ಸ್ಯಾಂಪಲ್ ಇದೆ. ಹವಳದ ಚೂರು ಎಷ್ಟು, ಹ್ಯಾಲಿಮೀಡಾ ಥರದ ಪಾಚಿಯದ್ದು ಎಷ್ಟು ಅಂತ ಲೆಕ್ಕ ಹಾಕಬೇಕು. ಆಸಿಡ್ ಬಿಟ್ಟರೆ ಎಲ್ಲ ಕಾಳೂ ನೊರೆ ಕಟ್ಟುತ್ತೆ. ನಮ್ಮ ಕುಂಸಿಯ ಸ್ಟ್ರೊಮ್ಯಾಟೊಲೈಟ್ (ಪದರ ಪದರವಾದ ಪುರಾತನ ಸುಣ್ಣದ ಕಲ್ಲು) ಕೂಡ ಇಂಥದ್ದೇ ಪಾಚಿಯ ಕೆಲಸವಾ?

ತುಂಗಾತೀರ: ಆಸಿಡ್, ವಿನೆಗರ್ ಎರಡೂ ಬೇಡ. ಮೇಲ್ಮೈ ಕರಗಿದರೆ ಗುರುತೇ ಹೋಯ್ತು. ಉಪ್ಪು ಹೋಗುವಷ್ಟು ತೊಳೆದು 60 ಡಿಗ್ರಿಯಲ್ಲಿ ಓವನ್‌ನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಕಿಟಕಿ ಪಕ್ಕ ಇಟ್ಟರೆ ವಾರವಾದರೂ ಒಣಗಲ್ಲ. ಜಂಬಿಟ್ಟಿಗೆ ಬಾವಿಯ ನೀರು ಸ್ವಲ್ಪ ಹುಳಿ, ಅದರಲ್ಲಿ ನೆನೆಹಾಕಬೇಡಿ. ಆಮೇಲೆ 2, 1, 0.5, 0.25, 0.125, 0.063 ಮಿ.ಮೀ. ಜರಡಿ. ಪ್ರತಿ ಜರಡಿಯಿಂದ 300 ಕಾಳು ಎಣಿಸಿ.

ಹ್ಯಾಲಿಮೀಡಾ ಬಿಲ್ಲೆ ಬೀಸಣಿಗೆ ಅಥವಾ ಮೂತ್ರಪಿಂಡದ ಆಕಾರ, ಸೀಮೆಸುಣ್ಣದ ಬಿಳುಪು. 10ಎಕ್ಸ್ ಲೆನ್ಸಲ್ಲಿ ಮೈತುಂಬ ಸಣ್ಣ ರಂಧ್ರ, ಮುರಿದರೆ ಒಳಗೆ ಕೊಳವೆಗಳು. ಬಿಲ್ಲೆಗಳ ನಡುವಿನ ಗಂಟಿನಲ್ಲಿ ಸುಣ್ಣ ಕಟ್ಟೋದಿಲ್ಲ. ಹಾಗಾಗಿ ಗಿಡ ಸತ್ತು ಗಂಟು ಕೊಳೆತ ಕೂಡಲೇ ಬಿಲ್ಲೆಗಳು ಬಿಡಿಬಿಡಿಯಾಗಿ ಉದುರುತ್ತವೆ. ಹವಳವನ್ನು ಮೀನು, ಅಲೆ ಒಡೆಯಬೇಕು. ಇದಕ್ಕೆ ಅದೂ ಬೇಡ, ಬೀಳುವಾಗಲೇ ಮರಳು.

ಶರಾವತಿ_ಹಿನ್ನೀರು: ಫೈಗಲ್ ದ್ರಾವಣದ ಬಣ್ಣ ಹಾಕಿ ಅಂತ ಯಾರಾದರೂ ಹೇಳಬಹುದು. ಅದರಿಂದ ಅರ್ಧ ಕೆಲಸವಷ್ಟೇ. ಸುಣ್ಣದ ಎರಡು ಹರಳು ರೂಪಗಳಲ್ಲಿ ಒಂದಾದ ಅರಗೊನೈಟ್ ಕಪ್ಪಾಗುತ್ತೆ, ಆದರೆ ಹವಳವೂ ಹ್ಯಾಲಿಮೀಡಾವೂ ಎರಡೂ ಅರಗೊನೈಟೇ. ಬಿಳಿಯಾಗೇ ಉಳಿಯೋದು ಇನ್ನೊಂದು ರೂಪ, ಮೆಗ್ನೀಸಿಯಂ ಹೆಚ್ಚಿರುವ ಕ್ಯಾಲ್ಸೈಟ್, ಅಂದರೆ ಕೆಂಪು ಕೊರಲೈನ್ ಪಾಚಿ. ಫೊರಾಮಿನಿಫೆರಾ ಅನ್ನೋ ಏಕಕೋಶ ಜೀವಿಗಳ ಚಿಪ್ಪುಗಳೂ ಬಹುತೇಕ ಅದೇ ಗುಂಪಿಗೆ ಬೀಳುತ್ತವೆ, ಆಕಾರ ನೋಡಿ ತೆಗೆಯಿರಿ. ಕೊರಲೈನ್ ಪಾಚಿಯ ದೊಡ್ಡ ಕೆಲಸ ಮರಳು ಕೊಡೋದಲ್ಲ, ಸಡಿಲ ಚೂರುಗಳ ಮೇಲೆ ಹಬ್ಬಿ ಬೆಸೆಯೋದು.

ಇನ್ನೊಂದು: ಹ್ಯಾಲಿಮೀಡಾ ಕಾಳು ಟೊಳ್ಳು, ಹಗುರ. ಎಣಿಕೆಯ ಶೇಕಡಾವಾರನ್ನೇ ತೂಕ ಅಂತ ಬರೆದರೆ ಪಾಚಿಯ ಪಾಲು ಉಬ್ಬುತ್ತೆ.

ಕುಂಸಿಯದು ಬೇರೆ ಕಥೆ. 250 ಕೋಟಿ ವರ್ಷಕ್ಕೂ ಹಳೆಯ ಆ ಪದರಗಳು ಸೂಕ್ಷ್ಮಜೀವಿಗಳ ಹಾಸಿನ ಮೇಲೆ ಕೂತ ಸುಣ್ಣ. ಅವಕ್ಕೆ ಅಸ್ಥಿಪಂಜರವೇ ಇಲ್ಲ, ಉದುರಲು ಬಿಲ್ಲೆಯೂ ಇಲ್ಲ.

ಕುಂಸಿಕಲ್ಲು: 0.063ರ ಕೆಳಗೆ ಇಳಿದ ಪುಡಿಯನ್ನ ಎಸೆಯಬಹುದಾ?

ತುಂಗಾತೀರ: ಖಂಡಿತ ಬೇಡ! ತೊಳೆಯುವಾಗಲೂ ಕಲಕು ನೀರು ಚೆಲ್ಲದೆ ಒಂದು ಬಕೆಟ್‌ನಲ್ಲಿ ಹಿಡಿದಿಡಿ. ಪೆನಿಸಿಲಸ್‌ನಂಥ ಪಾಚಿ ಕೊಳೆತಾಗ ಉಳಿಯೋದು ಕೆಲವೇ ಮೈಕ್ರಾನ್ ಉದ್ದದ ಅರಗೊನೈಟ್ ಸೂಜಿ. ಬಹಾಮಾಸ್, ಫ್ಲೋರಿಡಾ ಕಡೆಯ ಸುಣ್ಣದ ಕೆಸರಲ್ಲಿ ಅದರ ಪಾಲು ದೊಡ್ಡದು. ಹ್ಯಾಲಿಮೀಡಾ ಬಿಲ್ಲೆ ಸವೆದರೂ ಇಂಥದ್ದೇ ಸೂಜಿ. ಲೆನ್ಸಲ್ಲಿ ಕಾಣಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಅದು ಸಿಗದಿದ್ದರೆ ಪುಡಿಯ ತೂಕವನ್ನ 'ಗುರುತಿಸದ ಕೆಸರು' ಅಂತ ಪ್ರತ್ಯೇಕ ಸಾಲಲ್ಲಿ ಹಾಕಿ. ಹೊಸ ಸ್ಯಾಂಪಲ್ ತರಿಸುವ ಯೋಚನೆ ಇದ್ದರೆ, ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮೊದಲು ಅನುಮತಿ ಪತ್ರ ಕೈಗೆ ಬರಲಿ.