ಬಿಬಿಎ ಒಂದು ವರ್ಷ ಮುಗಿಯಿತು, ಏನು ಓದುತ್ತಿದ್ದೇನೆ ಅಂತ ಹೇಳೋಕೇ ಬರುತ್ತಿಲ್ಲ

ರೊಟ್ಟಿಊಟ:
ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು. ಪಿಯುಸಿಯಲ್ಲಿ ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ಬಿಸಿನೆಸ್ ಸ್ಟಡೀಸ್, ಅಕೌಂಟ್ಸ್) ಮಾಡಿ ಹತ್ತಿರದ ಕಾಲೇಜಿನಲ್ಲೇ ಬಿಬಿಎ ಸೇರಿದೆ. ಎರಡನೇ ಸೆಮಿಸ್ಟರ್ ರಿಸಲ್ಟ್ ಬಂತು, 71 ಪರ್ಸೆಂಟ್. ಮಾರ್ಕ್ಸ್ ಬಗ್ಗೆ ಬೇಜಾರಿಲ್ಲ, ಬೇಜಾರು ಬೇರೆ ಇದೆ. ಹೋದ ವಾರ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಮಾವ ಒಬ್ಬರು ಏನು ಓದಾಕತ್ತೀಪಾ ಅಂದರು. ಬಿಬಿಎ ಅಂದೆ. ಅಂದ್ರ ಏನ್ ಕಲಸ್ತಾರ ಅಂದರು. ಪಕ್ಕದಲ್ಲಿದ್ದ ಬಿಕಾಂ ಗೆಳೆಯ ಆಗಲೇ ಅಕೌಂಟ್ಸ್ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ನಾನು ಮ್ಯಾನೇಜ್‌ಮೆಂಟ್ ಅಂದೆ. "ಯಾರನ್ನ ಮ್ಯಾನೇಜ್ ಮಾಡಾಂವಾ ನೀ?" ಅಂತ ಕೇಳಿ ಇಡೀ ಪಂಕ್ತಿಯನ್ನೇ ನಗಿಸಿದರು.

ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ಮ್ಯಾನೇಜ್‌ಮೆಂಟ್ ಬಗ್ಗೆ ಫಯೋಲ್ ಬರೆದ 14 ತತ್ವ ಬಾಯಿಪಾಠ, ಮಾರ್ಕೆಟಿಂಗ್‌ನ ನಾಲ್ಕು ಪಿ (ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್) ಬಾಯಿಪಾಠ. ಒಂದಿಷ್ಟು ಅಕೌಂಟ್ಸ್, ಒಂದಿಷ್ಟು ಗಣಿತ, ಒಂದಿಷ್ಟು ಕಾನೂನು, ಯಾವುದರಲ್ಲೂ ಪೂರ್ತಿ ಇಲ್ಲ. ಹುಬ್ಬಳ್ಳಿಯ ಅಣ್ಣ (ದೊಡ್ಡಪ್ಪನ ಮಗ) ಜನರಲ್ ಬಿಬಿಎ ದಂಡ, ಏವಿಯೇಷನ್ನೋ ಅನಾಲಿಟಿಕ್ಸೋ ತಗೋಬೇಕಿತ್ತು ಅಂತಾನೆ. ಅಪ್ಪನದು ಸಣ್ಣ ಖಾನಾವಳಿ, ಇನ್ನೊಂದು ಸಲ ಫೀಸು ಕಟ್ಟೋ ಸ್ಥಿತಿ ಇಲ್ಲ. ಬಿಕಾಂಗೆ ಹೋಗಲಾ? ಇದನ್ನೇ ಮುಗಿಸಿ ಎಂಬಿಎ ಮಾಡಲೇಬೇಕಾ?

ಹಳೇ ಬಿಬಿಎಂ:
ಗುರು, ಆ ಮಾವನಂಥವರು ನಮ್ಮ ಕಾಲದಲ್ಲೂ ಇದ್ದರು, ತಲೆ ಕೆಡಿಸ್ಕೋಬೇಡ. ಆಗ ನಮ್ಮಲ್ಲಿ ಬಿಬಿಎಂ ಅಂತಿದ್ದರು, ಈಗ ಅದೇ ಬಿಬಿಎ. ನಾನೂ ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯವಹಾರ ನಡೆಸೋಕೆ ಬೇಕಾದ ದುಡ್ಡು) ಅಂದರೆ ಏನು ಅಂತ ಐದು ಮಾರ್ಕಿಗೆ ಬರೆದು ಮರೆತವನೇ. ಮೊದಲ ಕೆಲಸ ಶಿವಮೊಗ್ಗದಲ್ಲಿ ಒಬ್ಬ ಸ್ಟಾಕಿಸ್ಟ್ (ಕಂಪನಿಯಿಂದ ಮಾಲು ತಂದು ಅಂಗಡಿಗಳಿಗೆ ಹಾಕುವವನು) ಹತ್ತಿರ, ಅಂಗಡಿ ಅಂಗಡಿಗೆ ಹೋಗಿ ಸೋಪು ಬಿಸ್ಕತ್ತು ಮಾರುವ ಲೈನ್ ಸೇಲ್. ದಿನಕ್ಕೊಂದು ಬೀಟು (ಸುತ್ತುವ ದಾರಿ), ಬೀಟಿಗೆ ಮೂವತ್ತು ಮೂವತ್ತೈದು ಅಂಗಡಿ. ಮೊದಲ ತಿಂಗಳು ಟಾರ್ಗೆಟ್ ಮೇಲೆ ಮಾಲು ಹಾಕಿ ಎದೆ ಉಬ್ಬಿಸಿಕೊಂಡು ಬಂದರೆ ಸ್ಟಾಕಿಸ್ಟ್ ಲೆಡ್ಜರ್ ತೆಗೆದು ನನ್ನ ಮುಂದಿಟ್ಟ. ಮುಕ್ಕಾಲು ಪಾಲು ಸಾಲದ ಬಿಲ್ಲು. ಕಂಪನಿಗೆ ನಾನು ಏಳು ದಿನಕ್ಕೆ ದುಡ್ಡು ಕಟ್ಟಬೇಕು, ನಿನ್ನ ಅಂಗಡಿಯವರು ಇಪ್ಪತ್ತೊಂದು ದಿನಕ್ಕೆ ಕೊಡ್ತಾರೆ, ನಡುವಿನ ಹದಿನಾಲ್ಕು ದಿನ ನಿಮ್ಮಪ್ಪ ಕೊಡ್ತಾನಾ ಅಂತ ಕೇಳಿದ. ಆ ಐದು ಮಾರ್ಕಿನ ಉತ್ತರ ಅವತ್ತು ಅರ್ಥ ಆಯಿತು ನೋಡು.

ಕೋರ್ಸ್ ಬದಲಾಯಿಸಬೇಡ. ಸುಮ್ನೆ ಒಂದು ವರ್ಷ ಹೋಗುತ್ತೆ. ಏವಿಯೇಷನ್ ಅಂತ ಬೋರ್ಡ್ ಹಾಕಿದ ಕಡೆ ಓದಿದವನೊಬ್ಬ ಈಗ ನನ್ನ ಟೀಮಿನಲ್ಲೇ ಬಿಸ್ಕತ್ತು ಮಾರುತ್ತಿದ್ದಾನೆ. ಅವನು ಕಟ್ಟಿದ ಫೀಸು ನನ್ನದಕ್ಕಿಂತ ಎಷ್ಟೋ ಜಾಸ್ತಿ.

ಕನ್ನಡ ಮೀಡಿಯಂ ಕಮಲ:
ಮೇಲಿನವರಷ್ಟು ಖಡಾಖಂಡಿತವಾಗಿ ನಾನು ಹೇಳಲ್ಲ. ತಮ್ಮ, ನಿನಗೆ ಅಕೌಂಟ್ಸ್‌ನಲ್ಲಿ ಟ್ರಯಲ್ ಬ್ಯಾಲೆನ್ಸಿನ ಎರಡೂ ಕಡೆಯ ಮೊತ್ತ ಸರಿಹೊಂದಿದಾಗ ನಿಜವಾಗಲೂ ಖುಷಿ ಆಗುತ್ತಾ? ಆಗುತ್ತೆ ಅಂತಾದರೆ ಬಿಕಾಂ ಯೋಚಿಸು. ನನ್ನ ಬಿಕಾಂ ಗೆಳತಿಗೆ ನನಗಿಂತ ಮೊದಲೇ ಆಡಿಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿತು, ನಾನು ಎಂಟು ತಿಂಗಳು ಮನೆಯಲ್ಲಿ ಕೂತಿದ್ದೆ. ಅದನ್ನು ಮುಚ್ಚಿಟ್ಟು ಬಿಬಿಎ ಚಿನ್ನ ಅಂತ ಹೇಳೋಕೆ ಮನಸ್ಸು ಬರಲ್ಲ.

ಆದರೆ ನನಗೆ ಬಿಬಿಎ ಕೊಟ್ಟಿದ್ದು ಬಾಯಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ಸೆಮಿನಾರಿನಲ್ಲಿ ಡಿಮ್ಯಾಂಡ್ ಅನ್ನೋ ಪದ ಆದಮೇಲೆ ಮುಂದಿನ ಪದ ಬರಲೇ ಇಲ್ಲ, ಕೈಯಲ್ಲಿದ್ದ ಚೀಟಿ ಬೆವರಿಗೆ ಒದ್ದೆ. ಮೂರು ವರ್ಷದಲ್ಲಿ ಹತ್ತಿಪ್ಪತ್ತು ಸಲ ಹಾಗೆ ನಿಲ್ಲಿಸಿದರು. ಈಗ ದಿನಾ ಕಸ್ಟಮರ್ ಜೊತೆ ಇಂಗ್ಲಿಷಿನಲ್ಲಿ ಮಾತಾಡೋದೇ ನನ್ನ ಕೆಲಸ. ಎಕ್ಸೆಲ್ ಮತ್ತೆ ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಕಲಿಯೋಕೆ ಮಾತ್ರ ಕಾಲೇಜನ್ನು ನಂಬಿ ಕೂರಬೇಡ. ನಮ್ಮಲ್ಲಿ ಕಂಪ್ಯೂಟರ್ ಲ್ಯಾಬಿನ ಫೀಸು ಮೂರು ವರ್ಷ ಕಟ್ಟಿಸಿಕೊಂಡರು, ಲ್ಯಾಬಿನ ಬೀಗ ತೆಗೆದಿದ್ದು ಇನ್‌ಸ್ಪೆಕ್ಷನ್ ದಿನ.

ಕಾಮರ್ಸ್ ಮೇಷ್ಟ್ರು:
ಪದವಿ ಕಾಲೇಜಿನಲ್ಲಿ ಪಾಠ ಮಾಡುವವನು, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಗೊಂದಲ ತೆಗೆಯೋಣ. 2021ರಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಆನರ್ಸ್ ಅಂತ ಇತ್ತಲ್ವಾ, 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂತು. ಅದೇ ವರ್ಷದಿಂದ ಬಿಬಿಎ, ಬಿಸಿಎ ಎರಡೂ ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ) ವ್ಯಾಪ್ತಿಗೂ ಬಂದವು. ಎಂಬಿಎ ಮಾಡಲೇಬೇಕು ಅಂತ ಕಾನೂನಿಲ್ಲ. ಮಾಡೋದಾದರೆ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ, ಐಐಎಂಗಳಿಗೆ ಕ್ಯಾಟ್ ಪರೀಕ್ಷೆ ಇದೆ. ಯಾವ ಡಿಗ್ರಿಯವರೂ ಬರೆಯಬಹುದು, ಬಿಬಿಎ ಅಂತ ವಿಶೇಷ ಮಾರ್ಕ್ಸ್ ಏನೂ ಕೊಡಲ್ಲ. ಎರಡು ವರ್ಷ ಕೆಲಸ ಮಾಡಿ ಆಮೇಲೆ ಹೋದವರು ಕ್ಲಾಸಿನಲ್ಲಿ ಚೆನ್ನಾಗಿ ಕೇಳುತ್ತಾರೆ, ಇದು ನಾನು ಕಂಡಿದ್ದು. ಬ್ಯಾಂಕ್ ಪಿಒ (ಅಧಿಕಾರಿ), ಸರ್ಕಾರಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಕನಸಿದ್ದರೆ ಅಲ್ಲೂ ಯಾವುದೇ ಡಿಗ್ರಿ ನಡೆಯುತ್ತೆ. ಸಿಎ ಆಸೆ ಇದ್ದರೂ ಬಿಕಾಂ ಬೇಕೇ ಬೇಕು ಅಂತಿಲ್ಲ, ಪಿಯುಸಿ ಆದವರು ಫೌಂಡೇಶನ್ ಪರೀಕ್ಷೆಯಿಂದಲೇ ಶುರು ಮಾಡಬಹುದು.

ಈಗ ಬಾಯಿಪಾಠದ ವಿಚಾರ. ಫಯೋಲ್ ನನ್ನ ಹಾಗೆ ಮೇಷ್ಟ್ರಲ್ಲ ಮಾರಾಯ. ಫ್ರಾನ್ಸಿನ ಗಣಿ ಇಂಜಿನಿಯರ್. 1888ರಲ್ಲಿ ಮುಳುಗುತ್ತಿದ್ದ ಗಣಿ ಕಂಪನಿಯ ಚುಕ್ಕಾಣಿ ಹಿಡಿದು 1918ರವರೆಗೆ ನಡೆಸಿದ, ಆ 14 ತತ್ವಗಳನ್ನು ಬರೆದಿದ್ದು 1916ರಲ್ಲಿ. ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಿನವನು ಅಪ್ಪಣೆ ಕೊಡಬೇಕು ಅಂತ ಒಂದು ತತ್ವ ಬರುತ್ತಲ್ಲ, ನಿಮ್ಮ ಖಾನಾವಳಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಿಂತು ನೋಡು. ಗಲ್ಲಾದಲ್ಲಿ ಕೂತ ಅಪ್ಪ ನೀರು ಇಡು ಅಂತಾರೆ, ಒಳಗಿನಿಂದ ಅಮ್ಮ ಪಲ್ಯ ಒಯ್ಯಿ ಅಂತಾರೆ, ಹುಡುಗ ನಡುವೆ ನಿಂತಿರುತ್ತಾನೆ. ಹೌದೋ ಅಲ್ಲವೋ?

ಒಂದು ಕೆಲಸ ಹೇಳುತ್ತೇನೆ, ಈ ಭಾನುವಾರ ಮಾಡು. ಖಾನಾವಳಿಯ ಬ್ರೇಕ್ ಈವನ್ ತೆಗೆ, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟಕ್ಕೆ ಎಷ್ಟು ಊಟ ಹೋಗಬೇಕು ಅಂತ. ಊಟ ಹೋದರೂ ಹೋಗದಿದ್ದರೂ ತಿಂಗಳಿಗೆ ಕಟ್ಟಲೇಬೇಕಾದ ದುಡ್ಡು ಒಂದು ಕಡೆ ಬರಿ, ಒಂದು ಊಟಕ್ಕೆ ತಗಲುವ ಖರ್ಚು ಇನ್ನೊಂದು ಕಡೆ. ಬಂದು ಇಲ್ಲೇ ಹಾಕು.

ರೊಟ್ಟಿಊಟ:
ಸರ್, ಮಾಡಿದೆ. ಅಪ್ಪ ಮೊದಲು ಬೈದರು, ಆಮೇಲೆ ಅವರೇ ಕೂತು ಲೆಕ್ಕ ಹೇಳಿದರು. ಬಾಡಿಗೆ 10,000, ಇಬ್ಬರು ಕೆಲಸದವರು 22,000, ಕರೆಂಟು ನೀರು ಎಲ್ಲ ಸೇರಿ 4,000. ಒಟ್ಟು 36,000. ಊಟಕ್ಕೆ 80 ರೂಪಾಯಿ, ಅದರಲ್ಲಿ ಹಿಟ್ಟು, ಕಾಳು, ಎಣ್ಣೆ, ಗ್ಯಾಸು, ಮೊಸರು 50 ಆಗುತ್ತೆ, ಉಳಿಯೋದು 30. ಅಂದರೆ ತಿಂಗಳಿಗೆ 1,200 ಊಟ ಹೋದರೆ ಸರಿಗೆ ಸರಿ. ಅಂಗಡಿ ತೆಗೆಯೋದು 26 ದಿನ, ದಿನಕ್ಕೆ ಸರಾಸರಿ 60 ಊಟ, ಒಟ್ಟು 1,560. ಅಲ್ಲಿಗೆ 10,800 ಲಾಭ. ನಾನು ಹಾಳೆ ಹಿಡಿದು ಜೋರಾಗಿಯೇ ಓದಿದೆ.

ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿ ನೋಡದೇ "ನನ್ನ ಪಗಾರ ಎಲ್ಲಿ ಬರದೀ?" ಅಂದಳು.

ಬರೆದಿರಲಿಲ್ಲ. ರೊಟ್ಟಿ ಬಡಿಯೋಕೆ ಹೊರಗಿನವರನ್ನು ಇಟ್ಟರೆ 12,000ಕ್ಕೆ ಕಡಿಮೆ ಯಾರೂ ಬರಲ್ಲ ಅಂತ ಅಪ್ಪನೇ ಒಂದು ಸಲ ಹೇಳಿದ್ದರು. ಅದನ್ನು ಸೇರಿಸಿದರೆ 48,000, ಊಟ 1,600 ಹೋಗಬೇಕು. ನಮ್ಮದು 40 ಕಡಿಮೆ, ತಿಂಗಳಿಗೆ 1,200 ರೂಪಾಯಿ ಲುಕ್ಸಾನು.

ಈ ಎರಡನೇ ಹಾಳೆಯನ್ನು ಅಪ್ಪನಿಗೆ ಇನ್ನೂ ತೋರಿಸಿಲ್ಲ. ಬಿಕಾಂ ವಿಚಾರ ಸದ್ಯಕ್ಕೆ ಬಿಟ್ಟಿದ್ದೇನೆ. ಊಟದ ರೇಟು 85 ಮಾಡಿದರೆ ಗಿರಾಕಿ ಎಷ್ಟು ಕಡಿಮೆ ಆಗಬಹುದು ಅಂತ ಮೊದಲೇ ತಿಳಿಯೋಕೆ ಏನಾದರೂ ದಾರಿ ಇದೆಯಾ ಸರ್?