ಪತಂಗದ ತಲೆ ಮೇಲಿರೋದು ಸ್ಪರ್ಶಾಂಗನಾ, ಕುಡಿಮೀಸೆನಾ?

ಎಲ್ರಿಗೂ ನಮಸ್ಕಾರ. ಚಿತ್ರದುರ್ಗದಿಂದ ಬರೀತಿದೀನಿ. ಇಲ್ಲಿ ಹೈಸ್ಕೂಲ್ ಮಕ್ಕಳಿಗೆ ಒಂದು ಚಾರ್ಟ್ ಮಾಡ್ತಿದೀವಿ, ಒಂದು ಕಡೆ ರೇಷ್ಮೆ ಪತಂಗ, ಇನ್ನೊಂದು ಕಡೆ ಉತ್ತರ ಅಮೆರಿಕದ ಸ್ಟಾರ್ ನೋಸ್ಡ್ ಮೋಲ್ ಅನ್ನೋ ಬಿಲ ತೋಡೋ ಸಣ್ಣ ಪ್ರಾಣಿ. ಮೊಳಕಾಲ್ಮೂರು ಸೀರೆ ಇರೋ ಜಿಲ್ಲೆ, ಅದಕ್ಕೇ ಪತಂಗ ಬೇಕೇಬೇಕು ಅಂದ್ವಿ. ಕಣ್ಣಿನ ಹಂಗಿಲ್ಲದೆ ಬೇಕಾದ್ದನ್ನ ಹುಡುಕೋದ್ರಲ್ಲಿ ಎರಡೂ ಗಟ್ಟಿ, ಹೋಲಿಕೆ ಅಷ್ಟೇ.

ಮೋಲ್ ಮೂಗಿನ ತುದೀಲಿ ಬೆರಳಿನಂಥ 22 ಎಳೆ ಸುತ್ತ ಹರಡಿರ್ತವೆ, ಎಲ್ಲಾ ಸೇರಿದ್ರೂ ಅಗಲ ಹತ್ರತ್ರ ಒಂದು ಸೆಂಟಿಮೀಟರು, ಅಷ್ಟರಲ್ಲೇ 25,000ಕ್ಕೂ ಜಾಸ್ತಿ ಸ್ಪರ್ಶದ ಸಣ್ಣ ಸಣ್ಣ ಗುಳ್ಳೆ, ಕೆಸರೊಳಗೆ ಅದನ್ನ ತಾಗಿಸ್ತಾ ತಾಗಿಸ್ತಾ ಹೋಗುತ್ತೆ, ಹುಳ ತಾಗಿ ಬಾಯಿಗೆ ಹೋಗೋಕೆ ಕಾಲು ಸೆಕೆಂಡು ಸಾಕು. ಅಂದ್ರೆ ಮೂಗು, ಆದ್ರೆ ಕೆಲಸ ಮುಟ್ಟೋದು.

ಪತಂಗದ್ದು ಉಲ್ಟಾ. ಗಂಡಿನ ತಲೆ ಮೇಲೆ ಬಾಚಣಿಗೆ ಥರ ಎರಡು ಆಂಟೆನಾ ಇದಾವಲ್ಲ, ಅದರ ಮುಖ್ಯ ಕೆಲಸ ವಾಸನೆ ಹಿಡಿಯೋದು. ರೇಷ್ಮೆ ಪತಂಗಕ್ಕೆ ಹಾರೋಕಾಗಲ್ಲ, ಗೂಡಿಂದ ಈಚೆ ಬಂದ್ಮೇಲೆ ಏನೂ ತಿನ್ನಲ್ಲ, ಹೆಣ್ಣಿನ ವಾಸನೆ ಬಂತು ಅಂದ್ರೆ ಗಂಡು ರೆಕ್ಕೆ ಪಟಪಟ ಬಡೀತಾ ಆ ಕಡೆ ನಡ್ಕೊಂಡೇ ಹೋಗುತ್ತೆ, ಆ ಬಡಿತಕ್ಕೆ ಗಾಳಿ ಬಾಚಣಿಗೆ ಕಡೆಗೆ ಎಳ್ಕೊಳುತ್ತೆ. ಆ ವಾಸನೆ ಯಾವುದು ಅಂತ 1959ರಲ್ಲಿ ಜರ್ಮನಿಯ ವಿಜ್ಞಾನಿ ಬುಟೆನಾಂಟ್ ತಂಡ ಕಂಡುಹಿಡೀತು, ಐದು ಲಕ್ಷ ಹೆಣ್ಣು ಪತಂಗದಿಂದ ಸಿಕ್ಕಿದ್ದು ಬರೀ ಕೆಲವು ಮಿಲಿಗ್ರಾಂ. ಹೆಸರು ಬಾಂಬಿಕಾಲ್.

ಈಗ ಚಾರ್ಟ್‌ನಲ್ಲಿ ಈ ಬಾಚಣಿಗೆಗೆ ಏನಂತ ಬರೀಬೇಕು? ಆಂಟೆನಾಗೆ ಸ್ಪರ್ಶಾಂಗ ಅಂತ ಬರೆಯೋರು ತುಂಬಾ ಜನ ಇದಾರೆ. ಬೇರೆ ಕಡೆ ಆದ್ರೆ ನಡೆಯುತ್ತೆ, ಇಲ್ಲಿ ಪಕ್ಕದ ಚಿತ್ರದಲ್ಲೇ ನಿಜವಾದ ಸ್ಪರ್ಶದ ಅಂಗ ಮೋಲ್ ಮೂಗಿನ ಮೇಲೆ ಕೂತಿದೆ, ವಾಸನೆ ಹಿಡಿಯೋದಕ್ಕೆ ಸ್ಪರ್ಶಾಂಗ ಅಂತ ಚೀಟಿ ಅಂಟಿಸಿದ್ರೆ ಓದೋ ಮಗು ಪೂರ್ತಿ ತಪ್ಪೇ ಕಲಿಯುತ್ತೆ. ಕುಡಿಮೀಸೆ ನಂಗೆ ಇಷ್ಟ, ಅದು ಆಕಾರ ಹೇಳುತ್ತೆ, ಕೆಲಸ ಯಾವುದು ಅಂತ ಮೊದಲೇ ತೀರ್ಮಾನ ಮಾಡಲ್ಲ. ಒಂದೇ ತೊಡಕು ಅಂದ್ರೆ ಮೋಲ್‌ಗೆ ಬೆಕ್ಕಿಗಿರೋ ಥರ ಕೂದಲಿನ ಮೀಸೆನೂ ಇದೆ. ಹಂಗಿದ್ರೂ ಮೀಸೆ ಬೇರೆ, ಕುಡಿಮೀಸೆ ಬೇರೆ ಅಂತ ಮಕ್ಕಳಿಗೆ ಹೇಳಬಹುದು ಅನ್ಸುತ್ತೆ.

ಇನ್ನು ಮೋಲ್ ಅನ್ನೋದು. ದಕ್ಷಿಣ ಭಾರತದಲ್ಲಿ ಈ ಪ್ರಾಣಿ ಇಲ್ಲ, ನಮ್ಮ ದೇಶದಲ್ಲಿ ಇರೋದು ಪೂರ್ವ ಹಿಮಾಲಯ, ಈಶಾನ್ಯದ ಕಡೆ. ಬಿಲ ತೋಡುತ್ತೆ ಅಂತ ಹೆಗ್ಗಣ ಅಂದ್ಬಿಡೋದು ಬೇಡ, ಹೆಗ್ಗಣ ಇಲಿ ಜಾತಿ, ಇದು ಅಲ್ಲ. ರಾತ್ರಿ ಗೋಡೆ ಅಂಚಲ್ಲಿ ಚಿಕ್ ಚಿಕ್ ಅಂತ ಓಡೋ ಮೂಗಿಲಿ ಇದಕ್ಕೆ ಹತ್ತಿರದ ನೆಂಟ, ಅದರ ಹೆಸರಲ್ಲೂ ಇಲಿ ಇದೆ ಆದ್ರೆ ಅದೂ ಇಲಿ ಅಲ್ಲ. ಮೋಲ್ ಅಂತಾನೇ ಇಟ್ರೆ ಕೆಮಿಸ್ಟ್ರಿ ಪಾಠದ ಮೋಲ್ ಜೊತೆ ಕಲಸಿಹೋಗುತ್ತೆ, ಅದಕ್ಕೆ 'ನಕ್ಷತ್ರಮೂಗಿನ ಮೋಲ್' ಅಂತ ಬರೆದಿದೀನಿ.

ಹಿರಿಯೂರು, ಮೊಳಕಾಲ್ಮೂರು ಕಡೆ ರೇಷ್ಮೆ ಮಾಡೋ ಮನೆಯವರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ: ಚಿಟ್ಟೆ ತಲೆ ಮೇಲಿನ ಅದಕ್ಕೆ ನಿಮ್ಮಲ್ಲಿ ಮೀಸೆ ಅಂತಾರಾ, ಕೊಂಬು ಅಂತಾರಾ, ಇಲ್ಲ ಬೇರೆ ಪದ ಇದೆಯಾ? ಇದ್ರೆ ಚಾರ್ಟ್‌ಗೆ ಅದನ್ನೇ ಹಾಕ್ತೀವಿ.